ಕಡಲತೀರದ ಮೀನೂಟಕ್ಕೆ ಇಡೀ ಕುಟುಂಬ ಹೊರಟಾಗ

ವಯಸ್ಸಾದ ಅತ್ತೆ-ಮಾವ, ನಾಲ್ಕು ವರ್ಷದ ಮಗು, ಸಿಗಡಿ ಅಲರ್ಜಿ ಇರುವ ತಂಗಿ, ಮೀನೇ ತಿನ್ನದ ಭಾವ. ಇಷ್ಟೂ ಜನರನ್ನು ಕರೆದುಕೊಂಡು ರಜೆಯಲ್ಲಿ ಒಂದು ರಾತ್ರಿ ಸಮುದ್ರದ ದಡದ ರೆಸ್ಟೋರೆಂಟಿನಲ್ಲಿ ಊಟ ಮಾಡಬೇಕು, ಎಲ್ಲರಿಗೂ ಖುಷಿಯಾಗಬೇಕು, ಏನೇನು ನೋಡಿಕೊಳ್ಳಬೇಕು ಎಂದು ಕೇಳಿದ್ದೀರಿ. ನಾನಾದರೆ ಮೇಜಿನಲ್ಲಿ ಎಲ್ಲರಿಗಿಂತ ಚಿಕ್ಕವರು ಮತ್ತು ಎಲ್ಲರಿಗಿಂತ ಹಿರಿಯರು ಯಾರೋ ಅವರ ಹಸಿವು, ಅವರ ನಿದ್ದೆ, ಅವರ ಮಂಡಿನೋವು ನೋಡಿಕೊಂಡೇ ಸಂಜೆಯನ್ನು ಯೋಜಿಸುತ್ತೇನೆ. ನಡುವಯಸ್ಸಿನವರು ಹೇಗೂ ಹೊಂದಿಕೊಳ್ಳುತ್ತಾರೆ.

ಮೊದಲು ತಂಗಿಯ ವಿಷಯ, ಏಕೆಂದರೆ ಅದು ರುಚಿಯ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ನಮ್ಮ ಮನೆಯಲ್ಲೂ ಒಬ್ಬರಿಗೆ ಸಿಗಡಿ ಆಗುವುದಿಲ್ಲ. ಸಿಗಡಿ, ಏಡಿಗಳ ಅಲರ್ಜಿಗೆ ಮುಖ್ಯ ಕಾರಣ ಟ್ರೋಪೋಮಯೋಸಿನ್ ಎಂಬ ಪ್ರೋಟೀನು. ಎಷ್ಟು ಬೇಯಿಸಿದರೂ ಅದರ ಗುಣ ಹೋಗುವುದಿಲ್ಲ. ಮೀನಿನ ಅಲರ್ಜಿಗೆ ಕಾರಣವಾಗುವ ಪ್ರೋಟೀನು ಬೇರೆಯದು, ಹಾಗಾಗಿ ಸಿಗಡಿ ಆಗದ ಎಷ್ಟೋ ಜನ ಮೀನನ್ನು ನಿಶ್ಚಿಂತೆಯಿಂದ ತಿನ್ನುತ್ತಾರೆ. ಆದರೆ ಸಿಗಡಿ ಕರಿದ ಎಣ್ಣೆಯಲ್ಲೇ ಮೀನನ್ನೂ ಕರಿದರೆ ಆ ಲೆಕ್ಕವೆಲ್ಲ ತಲೆಕೆಳಗು. 'ಸಿಗಡಿ ಹಾಕಬೇಡಿ' ಎಂದಷ್ಟೇ ಹೇಳಿದರೆ ಸಾಲದು. ಬೇರೆ ಬಾಣಲೆ, ಬೇರೆ ಎಣ್ಣೆ, ಬೇರೆ ಚಾಕು ಬಳಸಲು ಆಗುತ್ತದೆಯೇ ಎಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಕೆಲವರಿಗೆ ಸಿಗಡಿ ಬೇಯುವಾಗಿನ ಹಬೆಯೇ ಸಾಕು, ಆದ್ದರಿಂದ ಅವರನ್ನು ಒಲೆಯಿಂದ ದೂರ ಕೂರಿಸಿ. ವೈದ್ಯರು ಎಪಿನೆಫ್ರಿನ್ ಪೆನ್ (ತೀವ್ರ ಅಲರ್ಜಿಯಾದಾಗ ತಕ್ಷಣ ಚುಚ್ಚಿಕೊಳ್ಳುವ ಔಷಧ) ಕೊಟ್ಟಿದ್ದರೆ ಅದು ಕಾರಿನಲ್ಲಲ್ಲ, ಕೈಚೀಲದಲ್ಲೇ ಇರಲಿ. ನಿಮ್ಮ ಭಾವನಿಗೂ ಈ ಬೇರೆ ಬಾಣಲೆಯಿಂದ ಅನುಕೂಲ. ಮೀನು ತಿನ್ನದವರ ಊಟ ಎಂದರೆ ಬದಿಗೊಂದು ತಟ್ಟೆ ಸಲಾಡ್ ಎಂದುಕೊಳ್ಳುವ ಜಾಗವಾದರೆ ನಾನು ಬೇರೆ ಜಾಗ ಹುಡುಕುತ್ತೇನೆ. ಒಬ್ಬರು ಹಸಿದು ಕೂತಿರುವಾಗ ಉಳಿದವರ ಊಟ ಹೇಗೆ ರುಚಿಸೀತು?

ಸಮಯದ ಬಗ್ಗೆ: ಸೂರ್ಯ ಮುಳುಗುವ ಒಂದು ಗಂಟೆ ಮೊದಲೇ ಅಲ್ಲಿರಿ. ದಡ ಪೂರ್ವಕ್ಕೆ ಮುಖ ಮಾಡಿದ್ದರೆ ಸಮುದ್ರದ ಮೇಲೆ ಸೂರ್ಯಾಸ್ತ ಕಾಣದು, ಆದರೆ ಹುಣ್ಣಿಮೆಯ ದಿನ ಹೋದರೆ ಸರಿಸುಮಾರು ಅದೇ ಹೊತ್ತಿಗೆ ನೀರಿನಿಂದ ಚಂದ್ರ ಮೇಲೇಳುತ್ತಾನೆ. ಅದನ್ನು ನೋಡಿದ ಮಗು ಬಹುಕಾಲ ಮರೆಯುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಜೋರು, ನೀರು ಬೇರೆ ದಿನಗಳಿಗಿಂತ ಮೇಲೆ ಬರುತ್ತದೆ ಎನ್ನುವುದೂ ನೆನಪಿರಲಿ. ನೀರಿಗೆ ತೀರಾ ಹತ್ತಿರದ ಮೇಜು ಫೋಟೋಗೆ ಚೆಂದ, ಹಿರಿಯರಿಗೆ ಕಷ್ಟ. ಮರಳಿನಲ್ಲಿ ಕುರ್ಚಿಯ ಕಾಲು ಹೂತು ವಾಲುತ್ತದೆ, ಎದ್ದು ಶೌಚಾಲಯಕ್ಕೆ ಹೋಗುವುದೇ ಒಂದು ಸಾಹಸವಾಗುತ್ತದೆ. ಗಟ್ಟಿ ನೆಲದ ಮೇಲಿನ, ಗಾಳಿಗೆ ಸ್ವಲ್ಪ ಮರೆಯಿರುವ ಮೇಜು ಕೇಳಿ. ಕತ್ತಲಾದ ಮೇಲೆ ಮಗುವನ್ನು ನೀರಿನ ಕಡೆ ಬಿಡಬೇಡಿ, ದೊಡ್ಡವರು ಜೊತೆಗಿದ್ದರೂ ಸರಿ.

ಇನ್ನು ಮೀನು. ಮೆನು ತೆರೆಯುವ ಮೊದಲು 'ಇವತ್ತು ಏನು ಬಂದಿದೆ, ತೋರಿಸುತ್ತೀರಾ?' ಎಂದು ಕೇಳಿ. ಒಳ್ಳೆಯ ಜಾಗದವರು ಸಂತೋಷದಿಂದ ತೋರಿಸುತ್ತಾರೆ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದ ಕುಳಿ ತಕ್ಷಣ ತುಂಬಿಕೊಳ್ಳಬೇಕು, ಮೂಗಿಗೆ ಸಮುದ್ರದ ವಾಸನೆ ಬರಬೇಕೇ ಹೊರತು ಅಮೋನಿಯಾದ ಘಾಟಲ್ಲ. ಬಂಗುಡೆ, ಟ್ಯೂನಾ ಜಾತಿಯ ಮೀನುಗಳಲ್ಲಿ ಇದು ಇನ್ನೂ ಮುಖ್ಯ. ಅವನ್ನು ಮಂಜುಗಡ್ಡೆಯಿಲ್ಲದೆ ಇಟ್ಟರೆ ಬ್ಯಾಕ್ಟೀರಿಯಾ ಹಿಸ್ಟಮಿನ್ ಎಂಬ, ಅಲರ್ಜಿಯಂಥ ಲಕ್ಷಣ ತರುವ ರಾಸಾಯನಿಕ ತಯಾರಿಸುತ್ತವೆ, ಬೇಯಿಸಿದರೂ ಅದು ನಾಶವಾಗದು. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ ತಲೆ ಸಿಡಿಯತೊಡಗಿದರೆ ಅಲರ್ಜಿಯೆಂದೇ ತೋರುತ್ತದೆ, ಎಷ್ಟೋ ಸಲ ಕಾರಣ ಇದೇ ಆಗಿರುತ್ತದೆ. ಹಸಿ ಸಿಂಪಿಯನ್ನು ಹಿರಿಯರ ತಟ್ಟೆಗೆ ಹಾಕಲೇಬೇಡಿ, ಅದರಲ್ಲೂ ಯಕೃತ್ತಿನ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇದ್ದರೆ. ಬೆಚ್ಚನೆಯ ನೀರಿನಲ್ಲಿ ಬೆಳೆಯುವ ವಿಬ್ರಿಯೋ ಬ್ಯಾಕ್ಟೀರಿಯಾ ಅಂಥವರಿಗೆ ಪ್ರಾಣಾಂತಿಕವಾಗಬಲ್ಲದು. ಶಾರ್ಕ್, ಸ್ವೋರ್ಡ್‌ಫಿಶ್, ಮಾರ್ಲಿನ್‌ನಂಥ ದೊಡ್ಡ ಬೇಟೆಗಾರ ಮೀನುಗಳಲ್ಲಿ ಪಾದರಸ ಹೆಚ್ಚು, ಚಿಕ್ಕ ಮಕ್ಕಳಿಗೂ ಗರ್ಭಿಣಿಯರಿಗೂ ಅವು ಬೇಡ.

ತೂಕದ ಮೇಲೆ ಬೆಲೆ ಹಾಕುವ ಕಡೆ, ಅಡುಗೆಗೆ ಹೋಗುವ ಮೊದಲೇ ತೂಗಿಸಿ ಒಟ್ಟು ಎಷ್ಟಾಗುತ್ತದೆಂದು ಕೇಳಲು ಸಂಕೋಚಪಡಬೇಡಿ. ತಲೆ, ಮೂಳೆ ತೆಗೆದರೆ ಇಡೀ ಮೀನಿನಲ್ಲಿ ತಿನ್ನಲು ಸಿಗುವುದು ಸುಮಾರು ಅರ್ಧ. 2 ಕಿಲೋ ಮೀನು ಎಂದರೆ ಹೆಚ್ಚೆಂದರೆ 1 ಕಿಲೋ ಮಾಂಸ. ಏಡಿಯಲ್ಲಿ ಅದಕ್ಕಿಂತಲೂ ಕಡಿಮೆ. ಆದರೂ ತಲಾ ಒಂದೊಂದು ಐಟಂ ಹೇಳುವ ಬದಲು ಒಂದು ದೊಡ್ಡ ಮೀನನ್ನು ಇಡಿಯಾಗಿ ಸುಡಿಸಿ ನಡುವೆ ಇಡುವುದು ನನಗೆ ತುಂಬ ಇಷ್ಟ. ಮಾವ ತಮ್ಮ ಕೈಯಾರೆ ಬಿಡಿಸಿ ಎಲ್ಲರಿಗೂ ಬಡಿಸಲಿ, ಆಗ ಮೊಬೈಲುಗಳು ತಾವಾಗೇ ಕೆಳಗಿಳಿಯುತ್ತವೆ, ಮಾತು ಶುರುವಾಗುತ್ತದೆ. ದೊಡ್ಡ ಮೀನಿನ ಮುಳ್ಳು ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುತ್ತದೆ. ಮಗುವಿನ ಪಾಲನ್ನು ಮಾತ್ರ ಬೆರಳಿನಿಂದ ಹಿಸುಕಿ ನೋಡಿಯೇ ಕೊಡಿ. ಮುಳ್ಳು ಗಂಟಲಿನಲ್ಲಿ ಸಿಕ್ಕಿಕೊಂಡರೆ ಗಟ್ಟಿ ತುತ್ತು ನುಂಗಿಸಬೇಡಿ, ಅದು ಇನ್ನೂ ಆಳಕ್ಕೆ ಚುಚ್ಚಬಹುದು, ವೈದ್ಯರ ಬಳಿ ಹೋಗಿ.

ಇಡೀ ಮೀನು ಬೇಯಲು ಹೊತ್ತು ಹಿಡಿಯುತ್ತದೆ. ಹಾಗಾಗಿ ಮಗುವಿನ ಊಟವನ್ನು ಕೂತ ತಕ್ಷಣವೇ ಹೇಳಿಬಿಡಿ, ಉಳಿದದ್ದು ನಿಧಾನಕ್ಕೆ ಬರಲಿ. ಮಿಕ್ಕ ಮೀನನ್ನು ಕಟ್ಟಿಸಿಕೊಂಡು ಹೋಗುವುದಾದರೆ 2 ಗಂಟೆಯೊಳಗೆ ಫ್ರಿಜ್ಜಿಗೆ ಸೇರಬೇಕು, ಸೆಕೆ 32 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ 1 ಗಂಟೆಯೊಳಗೆ. ಉಳಿದುಕೊಂಡ ಕೋಣೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಸ್ವಲ್ಪ ಕಡಿಮೆಯೇ ಆರ್ಡರ್ ಮಾಡಿ, ಬೇಕಾದರೆ ಮತ್ತೆ ಹೇಳಬಹುದು.