1926: ವಿಜ್ಞಾನ ಕಥೆಗೆ ತನ್ನದೇ ಪತ್ರಿಕೆ ಸಿಕ್ಕ ವರ್ಷ

ಪ್ರಶ್ನೆ: ವಿಜ್ಞಾನ ಕಥೆ ಹುಟ್ಟಿದ್ದು 1926ರಲ್ಲಿ ಎಂದು ಈಚೆಗೆ ಓದಿದೆ. ಜೂಲ್ಸ್ ವರ್ನ್, ಎಚ್. ಜಿ. ವೆಲ್ಸ್ ಅದಕ್ಕೂ ಬಹಳ ಹಿಂದೆಯೇ ಬರೆದವರಲ್ಲವೇ? ಹಾಗಿದ್ದರೆ ಆ ವರ್ಷಕ್ಕೆ ಇಷ್ಟು ಮಹತ್ವವೇಕೆ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ನಿಮ್ಮ ಸಂದೇಹ ಸರಿಯಾದದ್ದೇ. ಮೇರಿ ಶೆಲ್ಲಿಯವರ 'ಫ್ರಾಂಕೆನ್‌ಸ್ಟೈನ್' 1818ರಲ್ಲೇ ಪ್ರಕಟವಾಗಿತ್ತು. ನಮ್ಮ ದೇಶದಲ್ಲೂ ವಿಜ್ಞಾನಿ ಜಗದೀಶಚಂದ್ರ ಬೋಸ್ ಅವರು 1896ರಲ್ಲಿ, ಒಂದು ಸೀಸೆ ಕೂದಲೆಣ್ಣೆಯಿಂದ ಚಂಡಮಾರುತವೇ ಅಡಗಿಹೋಗುವ ಕಥೆಯನ್ನು ಬಂಗಾಳಿಯಲ್ಲಿ ಬರೆದಿದ್ದರು. ಸೂರ್ಯನ ಶಾಖವನ್ನು ಬಳಸಿಕೊಂಡು ಹೆಂಗಸರೇ ನಾಡನ್ನು ಆಳುವ ರೊಕೆಯಾ ಹುಸೇನ್ ಅವರ 'ಸುಲ್ತಾನಾಸ್ ಡ್ರೀಮ್' 1905ರಲ್ಲಿ ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು.

1926ರ ಏಪ್ರಿಲ್‌ನಲ್ಲಿ ನಡೆದದ್ದು ಬೇರೆ. ಕೇವಲ ಇಂಥ ಕಥೆಗಳಿಗಾಗಿಯೇ ಮೀಸಲಾದ 'ಅಮೇಜಿಂಗ್ ಸ್ಟೋರೀಸ್' ಎಂಬ ಇಂಗ್ಲಿಷ್ ಮಾಸಪತ್ರಿಕೆ ನ್ಯೂಯಾರ್ಕ್‌ನಿಂದ ಹೊರಬಂತು. ಅದನ್ನು ಆರಂಭಿಸಿದ ಹ್ಯೂಗೋ ಗರ್ನ್ಸ್‌ಬ್ಯಾಕ್ 1904ರಲ್ಲಿ ಲಕ್ಸೆಂಬರ್ಗ್‌ನಿಂದ ಅಮೆರಿಕಕ್ಕೆ ಬಂದು, ರೇಡಿಯೋ ಬಿಡಿಭಾಗಗಳನ್ನು ಮಾರುತ್ತ, ತಂತ್ರಜ್ಞಾನದ ಪತ್ರಿಕೆಗಳನ್ನು ನಡೆಸುತ್ತಿದ್ದವರು. ಸಂಚಿಕೆಯ ಬೆಲೆ 25 ಸೆಂಟ್. ಫ್ರಾಂಕ್ ಪಾಲ್ ಬರೆದ ಮುಖಪುಟದಲ್ಲಿ ಆಕಾಶದಲ್ಲಿ ಉಂಗುರ ತೊಟ್ಟ ಶನಿಗ್ರಹ, ಕೆಳಗೆ ಮಂಜುಗಡ್ಡೆಯ ಮೇಲೆ ಜಾರಾಡುವ ಜನ, ಹಿಂದೆ ಹಿಮದ ದಿಬ್ಬಗಳ ಮೇಲೆ ಸಿಕ್ಕಿಕೊಂಡ ಹಡಗುಗಳು. ಒಳಗೆ ವರ್ನ್, ವೆಲ್ಸ್ ಮತ್ತು ಎಡ್ಗರ್ ಅಲನ್ ಪೋ ಇದ್ದರು. ಹೊಸ ಕಥೆ ಒಂದೂ ಇರಲಿಲ್ಲ, ಎಲ್ಲವೂ ಮರುಮುದ್ರಣ.

ಹೀಗಿದ್ದರೂ ಆ ಪತ್ರಿಕೆಯನ್ನು ನಾನು ದೊಡ್ಡ ಘಟನೆಯೆಂದೇ ಎಣಿಸುತ್ತೇನೆ, ಏಕೆಂದರೆ ಚದುರಿಹೋಗಿದ್ದ ಓದುಗರನ್ನು ಅದು ಒಂದೆಡೆ ಸೇರಿಸಿತು. 1927ರ ಜನವರಿಯಿಂದ ಓದುಗರ ಪತ್ರಗಳ ಅಂಕಣ ಆರಂಭವಾಯಿತು. ಪತ್ರದೊಂದಿಗೆ ಬರೆದವರ ವಿಳಾಸವೂ ಅಚ್ಚಾಗುತ್ತಿದ್ದುದರಿಂದ ಓದುಗರು ಸಂಪಾದಕರನ್ನು ದಾಟಿ ಪರಸ್ಪರ ಪತ್ರ ಬರೆಯತೊಡಗಿದರು, ಮುಂದೆ ಸಂಘಗಳನ್ನೂ ಕಟ್ಟಿಕೊಂಡರು. ನ್ಯೂ ಮೆಕ್ಸಿಕೋದ ಹಳ್ಳಿಗಾಡಿನಲ್ಲಿ ಬೆಳೆದ ಜ್ಯಾಕ್ ವಿಲಿಯಮ್ಸನ್ ಎಂಬ ರೈತರ ಮನೆಯ ಹುಡುಗ ಈ ಪತ್ರಿಕೆಯ ಓದುಗನಾಗಿ, 1928ರಲ್ಲಿ ಅದರಲ್ಲೇ ತನ್ನ ಮೊದಲ ಕಥೆಯನ್ನು ಪ್ರಕಟಿಸಿದ. ಅವರು 2006ರಲ್ಲಿ ತೀರಿಕೊಳ್ಳುವವರೆಗೂ ಈ ಕ್ಷೇತ್ರದ ಹಿರಿಯ ಲೇಖಕರಾಗಿ ಉಳಿದರು.

ಲೇಖಕರಿಗೆ ಸಲ್ಲಬೇಕಾದುದು ಸಂದಿತೇ ಎಂದು ಕೇಳಿದರೆ, ಸಂದದ್ದು ತೀರ ಕಡಿಮೆ. 1927ರಲ್ಲಿ ಈ ಪತ್ರಿಕೆಯಲ್ಲಿ ಅಚ್ಚಾದ, ಭಯಾನಕ ಕಥೆಗಳಿಗೆ ಹೆಸರಾದ ಅಮೆರಿಕದ ಲೇಖಕ ಲವ್‌ಕ್ರಾಫ್ಟ್ ಅವರ ಶ್ರೇಷ್ಠ ಕಥೆಯೊಂದಕ್ಕೆ ದೊರೆತ ಸಂಭಾವನೆ ಕೇವಲ 25 ಡಾಲರ್. ಇದು ಅನ್ಯಾಯವೇ ಸರಿ. 1929ರಲ್ಲಿ ದಿವಾಳಿಯಾಗಿ ಗರ್ನ್ಸ್‌ಬ್ಯಾಕ್ ಪತ್ರಿಕೆಯನ್ನು ಕಳೆದುಕೊಂಡರು. ವಿಜ್ಞಾನ ಕಥೆಗಳಿಗೆ 1953ರಿಂದ ನೀಡಲಾಗುತ್ತಿರುವ ಹ್ಯೂಗೋ ಪ್ರಶಸ್ತಿ ಅವರ ಹೆಸರಿನದೇ.

ಪ್ರಶ್ನೆ: ದ್ರವ ಇಂಧನದ ಮೊದಲ ರಾಕೆಟ್ ಹಾರಿದ್ದೂ 1926ರಲ್ಲೇ ಅಲ್ಲವೇ? ಆ ಪತ್ರಿಕೆಗೂ ಇದಕ್ಕೂ ನಂಟುಂಟೇ?
– ವಿದ್ಯಾರ್ಥಿನಿ, ಪೀಣ್ಯ, ಬೆಂಗಳೂರು

ಉತ್ತರ: ಪತ್ರಿಕೆಯೊಂದಿಗೆ ಇಲ್ಲ, ಕಥೆಯೊಂದಿಗೆ ಉಂಟು. ರಾಬರ್ಟ್ ಗಾಡರ್ಡ್ ಆ ವರ್ಷದ ಮಾರ್ಚ್ 16ರಂದು ಮ್ಯಾಸಚೂಸೆಟ್ಸ್‌ನ ಹೊಲವೊಂದರಿಂದ ಹಾರಿಸಿದ ರಾಕೆಟ್, ಪೆಟ್ರೋಲ್ ಮತ್ತು ದ್ರವ ಆಮ್ಲಜನಕವನ್ನು ಉರಿಸಿ, ಎರಡೂವರೆ ಸೆಕೆಂಡಿನಲ್ಲಿ 41 ಅಡಿ ಮೇಲೇರಿ ಬಿತ್ತು. ಅವರಿಗೆ ಬಾಹ್ಯಾಕಾಶದ ಹುಚ್ಚು ಹಿಡಿಸಿದ್ದು ಹದಿಹರೆಯದಲ್ಲಿ ಓದಿದ ವೆಲ್ಸ್ ಅವರ 'ದಿ ವಾರ್ ಆಫ್ ದಿ ವರ್ಲ್ಡ್ಸ್'. 1932ರಲ್ಲಿ ಅವರು ವೆಲ್ಸ್ ಅವರಿಗೆ ಪತ್ರ ಬರೆದು ಇದನ್ನು ತಿಳಿಸಿದ್ದರು. ನಿಮ್ಮ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ 'ಆರ್ಯಭಟ' 1975ರಲ್ಲಿ ಕಕ್ಷೆ ಸೇರಿದ್ದೂ ದ್ರವ ಇಂಧನದ ರಾಕೆಟ್‌ನಿಂದಲೇ.

ಪ್ರಶ್ನೆ: ಆ ಮೊದಲ ಸಂಚಿಕೆಯ ಕಥೆಗಳಲ್ಲಿ ಯಾವುದನ್ನು ಮೊದಲು ಓದಲಿ?
– ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ವೆಲ್ಸ್ ಅವರ 'ದಿ ನ್ಯೂ ಆಕ್ಸಿಲರೇಟರ್'. ಒಂದು ಔಷಧ ಕುಡಿದ ಇಬ್ಬರ ಶರೀರ ಸಾವಿರಾರು ಪಟ್ಟು ವೇಗ ಪಡೆಯುತ್ತದೆ. ಅವರ ಕಣ್ಣಿಗೆ ಜೇನುನೊಣವೊಂದು ಬಸವನಹುಳುವಿನ ವೇಗದಲ್ಲಿ ಗಾಳಿಯಲ್ಲಿ ಸಾಗುತ್ತದೆ, ಬ್ಯಾಂಡ್ ಕೇಳುತ್ತಿರುವ ಜನರೆಲ್ಲ ಬೊಂಬೆಗಳಂತೆ ನಿಂತಿದ್ದಾರೆ; ಅಷ್ಟರಲ್ಲಿ ಗಾಳಿಯ ಘರ್ಷಣೆಗೆ ಅವರ ಬಟ್ಟೆಗಳೇ ಸೀಯತೊಡಗುತ್ತವೆ. ಆಮೇಲೆ ವರ್ಟನ್‌ಬೇಕರ್ ಅವರ 'ದಿ ಮ್ಯಾನ್ ಫ್ರಮ್ ದಿ ಆಟಮ್' ಓದಿ. ಬೆಳೆಯುತ್ತ ಬೆಳೆಯುತ್ತ ನಮ್ಮ ವಿಶ್ವದಿಂದಲೇ ಹೊರಬೀಳುವ ಮನುಷ್ಯನ ಈ ಕಥೆಯನ್ನು ಬರೆದಾಗ ಲೇಖಕರು ಇನ್ನೂ ಹದಿಹರೆಯದವರು.