ಎಐ ಹೇಳಿದ್ದನ್ನ ಎಷ್ಟು ನಂಬೋದು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಬಹಳಷ್ಟು ಎಐ ಮತ್ತೆ ಕಾಯಿಲೆಗಳ ಬಗ್ಗೇನೇ ಇವೆ. ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವತ್ತು ಇದನ್ನೇ ಮಾತಾಡೋಣ.

ಪ್ರಶ್ನೆ: ನಮ್ಮ ತಂದೆಗೆ ತುಂಬಾ ವರ್ಷದಿಂದ ಶುಗರ್ ಇದೆ ಮೇಡಂ. ಹೋದ ವಾರ ನಮ್ಮೂರಿನ ಕ್ಯಾಂಪ್‌ನಲ್ಲಿ ಕಣ್ಣಿನ ಫೋಟೋ ತೆಗೆದು ಆಗಿಂದಾಗ್ಲೇ ಎಐ ರಿಪೋರ್ಟ್ ಕೊಟ್ರು, ‘ತೊಂದರೆ ಇಲ್ಲ’ ಅಂತ ಬಂದಿದೆ. ಇನ್ನು ಕಣ್ಣಿನ ಡಾಕ್ಟರ್ ಹತ್ರ ಹೋಗೋದು ಬೇಡ್ವಾ? (ತಿಪಟೂರು)

ಹೋಗ್ಲೇಬೇಕು. ಆದ್ರೆ ಆ ಕ್ಯಾಂಪ್ ದಂಡ ಅಂತ ಖಂಡಿತ ಅನ್ಕೋಬೇಡಿ, ಯಾಕಂದ್ರೆ ಎಐ ವೈದ್ಯಕೀಯದಲ್ಲಿ ತುಂಬಾ ಚೆನ್ನಾಗಿ ಪರೀಕ್ಷೆಗೆ ಒಳಗಾಗಿರೋ ಕೆಲಸಗಳಲ್ಲಿ ಇದೂ ಒಂದು.

ಶುಗರ್ ಜಾಸ್ತಿ ವರ್ಷ ಇದ್ದಾಗ ಕಣ್ಣಿನ ಹಿಂಭಾಗದ ಪರದೆಯಲ್ಲಿರೋ ಸಣ್ಣ ಸಣ್ಣ ರಕ್ತನಾಳಗಳು ಹಾಳಾಗಿ ಸೋರೋಕೆ ಶುರು ಮಾಡ್ತವೆ, ಇದಕ್ಕೆ ಡಯಾಬಿಟಿಕ್ ರೆಟಿನೋಪಥಿ ಅಂತಾರೆ. ಮೊದಮೊದಲು ನೋವೂ ಇರಲ್ಲ, ಮಂಜೂ ಆಗಲ್ಲ, ಪೇಪರ್ ಓದೋಕೆ ಏನೂ ಕಷ್ಟ ಇರಲ್ಲ, ಆದ್ರೆ ಫೋಟೋದಲ್ಲಿ ಮಾತ್ರ ಪಿನ್ನಿಂದ ಚುಚ್ಚಿದ ಹಾಗೆ ಕೆಂಪು ಚುಕ್ಕಿಗಳು ಕಾಣಿಸ್ಕೋತವೆ. 2016ರ ಕೊನೆಗೆ ಗೂಗಲ್‌ನವರು ‘ಜಾಮಾ’ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು, 1,28,175 ಫೋಟೋ ತೋರಿಸಿ ಕಂಪ್ಯೂಟರ್‌ಗೆ ಈ ಚುಕ್ಕಿಗಳನ್ನ ಗುರುತಿಸೋದು ಕಲಿಸಿದ್ದು. ಆ ಫೋಟೋಗಳು ಬಂದಿದ್ದು ಅಮೆರಿಕದಿಂದ ಮತ್ತೆ ನಮ್ಮ ದೇಶದ ಮೂರು ಆಸ್ಪತ್ರೆಗಳಿಂದ, ಅರವಿಂದ್, ಶಂಕರ ನೇತ್ರಾಲಯ, ಇನ್ನೊಂದು ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯ. ಅಂದ್ರೆ ಈ ಸಂಶೋಧನೆಗೆ ನಮ್ಮವರ ಕಣ್ಣುಗಳೂ ಪಾಠ ಹೇಳಿವೆ, ಇದನ್ನ ಓದಿದಾಗ ನನಗೆ ನಿಜಕ್ಕೂ ಹೆಮ್ಮೆ ಆಯ್ತು. ಒಂದೊಂದು ಫೋಟೋನೂ ಮೂರರಿಂದ ಏಳು ಸಲ ಬೇರೆ ಬೇರೆ ಡಾಕ್ಟರ್‌ಗಳು ನೋಡಿ ಗ್ರೇಡ್ ಕೊಟ್ಟಿದ್ರು. ಫಲಿತಾಂಶ ಕಣ್ಣಿನ ತಜ್ಞರಿಗೆ ಸಮ ಅನ್ನೋ ಮಟ್ಟಕ್ಕೆ ಬಂತು.

ಇಷ್ಟು ಕಂಪ್ಯೂಟರ್ ಒಳಗಿನ ಕತೆ. ಆಮೇಲೆ ಅದನ್ನ ಥಾಯ್ಲೆಂಡ್‌ನ 11 ಕ್ಲಿನಿಕ್‌ಗಳಿಗೆ ತಗೊಂಡು ಹೋದಾಗ ಏನಾಯ್ತು ಅಂತ 2020ರಲ್ಲಿ ಗೂಗಲ್‌ನವರೇ ಮುಚ್ಚುಮರೆ ಇಲ್ದೆ ಬರೆದ್ರು. ಲ್ಯಾಬಲ್ಲಿ ಚೆನ್ನಾಗಿರೋ ಫೋಟೋಗಳನ್ನ ನೋಡಿ ಕಲಿತಿದ್ದ ಸಿಸ್ಟಂ ಅದು, ಇಲ್ಲಿ ನರ್ಸ್‌ಗಳು ಬೇರೆ ಹತ್ತು ಕೆಲಸದ ಮಧ್ಯೆ ಫೋಟೋ ತೆಗೀಬೇಕು, ಕತ್ತಲೆ ಮಾಡೋಕೆ ಪ್ರತ್ಯೇಕ ರೂಮಿಲ್ಲ, ಲೈಟ್ ಬೀಳ್ತಿರತ್ತೆ, ಇಂಟರ್‌ನೆಟ್ ಬೇರೆ ನಿಧಾನ. 1,838 ಫೋಟೋಗಳಲ್ಲಿ ಶೇ. 21ರಷ್ಟನ್ನ ‘ಇದು ಸರಿಯಾಗಿ ಕಾಣ್ತಿಲ್ಲ’ ಅಂತ ಸಿಸ್ಟಂ ವಾಪಸ್ ಮಾಡ್ತು, ಹಾಗೆ ವಾಪಸ್ ಆದವರು ಇನ್ನೊಂದು ದಿನ ಕೆಲಸ ಬಿಟ್ಟು ಬೇರೆ ಆಸ್ಪತ್ರೆಗೆ ಅಲೀಬೇಕು. ಈ ಅಧ್ಯಯನ ನನಗೆ ಮೊದಲನೇದಕ್ಕಿಂತ ದೊಡ್ಡದು ಅನ್ಸತ್ತೆ. ಕಂಪ್ಯೂಟರ್ ಎಷ್ಟು ಮಾರ್ಕ್ಸ್ ತಗೊಂಡಿತು ಅನ್ನೋದಲ್ಲ, ಅದರಿಂದ ರೋಗಿಗೆ ಏನಾಯ್ತು ಅನ್ನೋದನ್ನ ಯಾರಾದ್ರೂ ಹೋಗಿ ನೋಡಿದ್ರಾ ಅಂತ ನಾವು ಕೇಳ್ಬೇಕು.

ಈಗ ನಿಮ್ಮ ತಂದೆ ವಿಷಯ. ಇಂಥ ಕ್ಯಾಂಪ್‌ಗಳಲ್ಲಿರೋ ಸಾಫ್ಟ್‌ವೇರ್ ಸಾಮಾನ್ಯವಾಗಿ ರೆಟಿನೋಪಥಿ ಒಂದನ್ನೇ ಹುಡುಕೋದು. ಗ್ಲಾಕೋಮಾ ಇದೆಯಾ, ಪೊರೆ ಬರ್ತಿದೆಯಾ, ಕಣ್ಣಿನ ಪ್ರೆಶರ್ ಎಷ್ಟಿದೆ, ಇದ್ಯಾವುದನ್ನೂ ಅದು ನೋಡಿರಲ್ಲ, ರಿಪೋರ್ಟಲ್ಲಿ ‘ತೊಂದರೆ ಇಲ್ಲ’ ಅಂದ್ರೆ ‘ನಾನು ಹುಡುಕಿದ ಆ ಒಂದು ತೊಂದರೆ ಕಾಣಿಸ್ಲಿಲ್ಲ’ ಅಂತಷ್ಟೇ ಓದ್ಕೊಳ್ಳಿ. ಶುಗರ್ ಇರೋರು ವರ್ಷಕ್ಕೊಂದ್ಸಲ ಡ್ರಾಪ್ಸ್ ಹಾಕಿಸ್ಕೊಂಡು ಕಣ್ಣಿನ ಪೂರ್ತಿ ಪರೀಕ್ಷೆ ಮಾಡಿಸ್ಬೇಕು. ಕ್ಯಾಂಪಿನ ಕಾಗದ ಎಸೀಬೇಡಿ, ಡಾಕ್ಟರ್‌ಗೆ ತೋರಿಸಿ.

ಪ್ರಶ್ನೆ: ‘ಎಐ ಶೇ. 99ರಷ್ಟು ಕರೆಕ್ಟಾಗಿ ಕಾಯಿಲೆ ಹಿಡಿಯತ್ತೆ’ ಅಂತ ವಾರಕ್ಕೊಂದು ಸುದ್ದಿ ಓದ್ತೀನಿ. ಶೇ. 99 ಅಂದ್ರೆ ನಂಬಬಹುದು ತಾನೆ? (ದಾವಣಗೆರೆ, ನಿವೃತ್ತ ಶಿಕ್ಷಕರು)

ಸರ್, ನೀವು ಲೆಕ್ಕದ ಮೇಷ್ಟ್ರು ಅಂತ ಬರ್ದಿದ್ದೀರಿ, ಹಾಗಾಗಿ ಲೆಕ್ಕದಲ್ಲೇ ಹೇಳ್ತೀನಿ. ಒಂದು ಲಕ್ಷ ಜನ, ಅವರಲ್ಲಿ 100 ಜನಕ್ಕೆ ಕಾಯಿಲೆ ಇದೆ ಅನ್ಕೊಳ್ಳಿ. ಕಾಯಿಲೆ ಇರೋರನ್ನ ನೂರಕ್ಕೆ 99 ಸಲ ಹಿಡಿಯೋ, ಇಲ್ದೇ ಇರೋರನ್ನೂ ನೂರಕ್ಕೆ 99 ಸಲ ಸರಿಯಾಗಿ ಬಿಡೋ ಪರೀಕ್ಷೆ ಮಾಡಿದ್ರೆ 99 ಜನ ರೋಗಿಗಳು ಸಿಗ್ತಾರೆ, ಸರಿ. ಆದ್ರೆ ಉಳಿದ 99,900 ಆರೋಗ್ಯವಂತರಲ್ಲಿ ಶೇ. 1 ಅಂದ್ರೆ 999 ಜನಕ್ಕೂ ‘ನಿಮಗೆ ಕಾಯಿಲೆ ಇದೆ’ ಅಂತ ಚೀಟಿ ಹೋಗತ್ತೆ. ಚೀಟಿ ಸಿಕ್ಕ ಹೆಚ್ಚುಕಮ್ಮಿ ಹನ್ನೊಂದು ಜನರಲ್ಲಿ ಒಬ್ಬರಿಗೆ ಮಾತ್ರ ನಿಜವಾದ ಕಾಯಿಲೆ. ಅದಕ್ಕೇ ಸ್ಕ್ರೀನಿಂಗ್ ಅಂದ್ರೆ ಮುಂದಿನ ಪರೀಕ್ಷೆಗೆ ಕರೆಯೋದು ಅಷ್ಟೇ.

ಇನ್ನೊಂದು ವಿಷಯ, ಕಂಪ್ಯೂಟರ್ ಯಾವುದನ್ನ ನೋಡಿ ಉತ್ತರ ಹೇಳ್ತಿದೆ ಅಂತ ಹೊರಗಿಂದ ಗೊತ್ತಾಗಲ್ಲ. ಕೋವಿಡ್ ಸಮಯದಲ್ಲಿ ಎಕ್ಸ್‌ರೇ, ಸಿಟಿ ಸ್ಕ್ಯಾನ್ ನೋಡಿ ಕೋವಿಡ್ ಹಿಡಿಯೋ ಪ್ರೋಗ್ರಾಂಗಳು ಸಾವಿರಗಟ್ಟಲೆ ಬಂದ್ವು. ಕೇಂಬ್ರಿಡ್ಜ್‌ನವರು ಮುಂದೆ ನಿಂತು ಅಂಥ 2,212 ಪ್ರಬಂಧಗಳನ್ನ ಸೋಸಿ, ಕೊನೆಗೆ 62ನ್ನ ಕೂಲಂಕಷವಾಗಿ ನೋಡಿ 2021ರಲ್ಲಿ ವರದಿ ಕೊಟ್ರು, ಆಸ್ಪತ್ರೆಯಲ್ಲಿ ಬಳಸೋಕೆ ಯೋಗ್ಯ ಅನ್ನೋದು ಒಂದೂ ಇರ್ಲಿಲ್ಲ. ಕೆಲವ್ರು ‘ಕೋವಿಡ್ ಇಲ್ಲದವರು’ ಅಂತ ಇಟ್ಟಿದ್ದ ಎಕ್ಸ್‌ರೇಗಳು ಚಿಕ್ಕ ಮಕ್ಕಳದ್ದು, ಕೋವಿಡ್ ಇದ್ದವರದ್ದು ದೊಡ್ಡವರದ್ದು. ಆಗ ಕಂಪ್ಯೂಟರ್ ಮಗುವಿನ ಎದೆಗೂ ದೊಡ್ಡವರ ಎದೆಗೂ ಇರೋ ವ್ಯತ್ಯಾಸ ಕಲಿತ್ಕೊಂಡು ಫುಲ್ ಮಾರ್ಕ್ಸ್ ತಗೊಂಡುಬಿಡಬಹುದು, ಕೋವಿಡ್ ಬಗ್ಗೆ ಒಂದಕ್ಷರ ಕಲೀದೇನೇ. ಮುಂದಿನ ಸಲ ಇಂಥ ಸುದ್ದಿ ಓದಿದಾಗ ಪರೀಕ್ಷೆ ಮಾಡಿದ್ದು ಯಾರ ಮೇಲೆ, ಕಲಿಸಿದ ಆಸ್ಪತ್ರೆ ಬಿಟ್ಟು ಬೇರೆ ಕಡೆ ಮಾಡಿದ್ರಾ ಅಂತ ಹುಡುಕಿ ನೋಡಿ ಸರ್.

ಪ್ರಶ್ನೆ: ನಾನು ಫಸ್ಟ್ ಪಿಯುಸಿ, ಪಿಸಿಎಂಬಿ. ಪ್ರೋಟೀನ್‌ಗಳ ರಚನೆನೆಲ್ಲ ಎಐ ಕಂಡುಹಿಡಿದಾಯ್ತು, ನೊಬೆಲ್ಲೂ ಬಂತು, ಇನ್ನು ಬಯಾಲಜಿ ಓದಿ ಏನು ಮಾಡ್ತೀಯ, ಕಂಪ್ಯೂಟರ್ ಸೈನ್ಸ್ ತಗೋ ಅಂತ ಅಣ್ಣ ಹೇಳ್ತಾನೆ. ನನಗೆ ಬಯಾಲಜಿ ಇಷ್ಟ. (ಹಾಸನ)

ಇಷ್ಟ ಅಂತ ಬರ್ದಿದ್ದೀಯಲ್ಲ, ಅದನ್ನ ಬಿಡಬೇಡ ಪುಟ್ಟಿ. ನಿಮ್ಮಣ್ಣ ಹೇಳಿದ್ರಲ್ಲಿ ಅರ್ಧ ನಿಜ ಇದೆ, ಆ ಅರ್ಧ ತುಂಬಾ ಸೊಗಸಾದ ಅರ್ಧ.

ಪ್ರೋಟೀನ್ ಅಂದ್ರೆ 20 ಬಗೆ ಅಮೈನೋ ಆಮ್ಲಗಳನ್ನ ಪೋಣಿಸಿದ ಮಣಿಸರದ ಹಾಗೆ, ಆದ್ರೆ ಅದು ಸರವಾಗಿ ಇರಲ್ಲ, ತನಗೆ ತಾನೇ ಮಡಚಿಕೊಂಡು ಒಂದು ಆಕಾರಕ್ಕೆ ಬರತ್ತೆ, ಆ ಆಕಾರದ ಮೇಲೇ ಅದರ ಕೆಲಸ ನಿಂತಿರತ್ತೆ. ಒಂದೇ ಒಂದು ಪ್ರೋಟೀನಿನ ಆಕಾರ ಎಕ್ಸ್‌ರೇ ಮೂಲಕ ಕಂಡುಹಿಡಿಯೋಕೆ ಎಷ್ಟೋ ಜನರ ಪಿಎಚ್‌ಡಿ ಪೂರ್ತಿ ಹೋಗ್ತಿತ್ತು. ಲಂಡನ್ನಿನ ಡೀಪ್‌ಮೈಂಡ್ ಕಂಪನಿಯ ಆಲ್ಫಾಫೋಲ್ಡ್ 2 ಅನ್ನೋ ಪ್ರೋಗ್ರಾಂ, ಅಮೈನೋ ಆಮ್ಲಗಳ ಕ್ರಮ ಕೊಟ್ರೆ ಸಾಕು, ಆಕಾರ ಊಹಿಸಿ ಹೇಳತ್ತೆ ಅಂತ 2020ರ ಸ್ಪರ್ಧೆಯಲ್ಲಿ ತೋರಿಸ್ತು. 2022ಕ್ಕೆ 20 ಕೋಟಿಗೂ ಹೆಚ್ಚು ಪ್ರೋಟೀನ್‌ಗಳ ಆಕಾರ ಎಲ್ಲರಿಗೂ ಫ್ರೀಯಾಗಿ ಸಿಗೋ ಹಾಗಾಯ್ತು. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಡೆಮಿಸ್ ಹಸಾಬಿಸ್ ಮತ್ತೆ ಜಾನ್ ಜಂಪರ್ ಅವರಿಗೆ, ಇನ್ನರ್ಧ ಹೊಸ ಪ್ರೋಟೀನ್‌ಗಳನ್ನೇ ವಿನ್ಯಾಸ ಮಾಡೋ ಡೇವಿಡ್ ಬೇಕರ್ ಅವರಿಗೆ.

ಆದ್ರೆ ಆ ಪ್ರೋಗ್ರಾಂ ಕಲಿತಿದ್ದು ಎಲ್ಲಿಂದ? 1971ರಲ್ಲಿ ಬರೀ ಏಳು ರಚನೆಗಳಿಂದ ಶುರುವಾದ ಪ್ರೋಟೀನ್ ಡೇಟಾ ಬ್ಯಾಂಕ್ ಅಂತ ಒಂದಿದೆ, ಲ್ಯಾಬಲ್ಲಿ ಹರಳು ಬೆಳೆಸಿ, ಎಕ್ಸ್‌ರೇ ಹಾಯಿಸಿ, ಐವತ್ತು ವರ್ಷ ಕಷ್ಟಪಟ್ಟು ಕಂಡುಹಿಡಿದಿದ್ದನ್ನೆಲ್ಲ ವಿಜ್ಞಾನಿಗಳು ಅಲ್ಲಿ ಎಲ್ಲರಿಗೂ ಸಿಗೋ ಹಾಗೆ ಇಟ್ಟಿದ್ರು. ಅದಿಲ್ದೆ ಆಲ್ಫಾಫೋಲ್ಡ್ ಇಲ್ಲ. ನಮ್ಮ ಜಿ. ಎನ್. ರಾಮಚಂದ್ರನ್ ಅವರ ಹೆಸರನ್ನೂ ಇಲ್ಲಿ ಹೇಳ್ಲೇಬೇಕು, 1963ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಅವರೂ ಅವರ ಜೊತೆಯವರೂ ಸೇರಿ ಸರದ ಒಂದೊಂದು ಕೊಂಡಿ ಯಾವ ಯಾವ ಕೋನಕ್ಕೆ ತಿರುಗಬಹುದು, ಯಾವುದಕ್ಕೆ ತಿರುಗಿದ್ರೆ ಪರಮಾಣುಗಳು ಒಂದಕ್ಕೊಂದು ತಾಗ್ತವೆ ಅಂತ ಲೆಕ್ಕ ಹಾಕಿ ಒಂದು ನಕ್ಷೆ ಮಾಡಿದ್ರು. ಇವತ್ತಿಗೂ ಪ್ರಪಂಚದಲ್ಲಿ ಯಾರೇ ಹೊಸ ರಚನೆ ಪ್ರಕಟಿಸ್ಲಿ, ಅದು ಸರಿ ಇದೆಯಾ ಅಂತ ರಾಮಚಂದ್ರನ್ ಪ್ಲಾಟ್‌ನಲ್ಲಿ ಇಟ್ಟು ನೋಡ್ತಾರೆ. ಆಮೇಲೆ ಅವರು ಬೆಂಗಳೂರಿನ ಐಐಎಸ್‌ಸಿಗೆ ಬಂದು ಅಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದ್ರು. ನಿಮ್ಮ ಹಾಸನದಿಂದ ಬೆಳಿಗ್ಗೆ ಬಸ್ ಹತ್ತಿದ್ರೆ ಮಧ್ಯಾಹ್ನಕ್ಕೆ ನೋಡ್ಬಹುದಾದ ಜಾಗ.

ಇನ್ನು ಉಳಿದ ಕೆಲಸ ಎಷ್ಟಿದೆ ಅಂದ್ರೆ, ಹಿಮೋಗ್ಲೋಬಿನ್ನನ್ನೇ ತಗೋ. ಅದರ ಬೀಟಾ ಸರದಲ್ಲಿ 146 ಅಮೈನೋ ಆಮ್ಲ, ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಇರೋ ಕಡೆ ವ್ಯಾಲಿನ್ ಬಂದ್ರೆ ಸಿಕಲ್ ಸೆಲ್ ಕಾಯಿಲೆ. ಅಷ್ಟಾದ್ರೂ ಒಂಟಿ ಹಿಮೋಗ್ಲೋಬಿನ್ನಿನ ಆಕಾರ ಹೆಚ್ಚುಕಮ್ಮಿ ಹಾಗೇ ಇರತ್ತೆ, ಬರೀ ಆಕಾರ ಊಹಿಸೋ ಪ್ರೋಗ್ರಾಂಗೆ ದೊಡ್ಡ ವ್ಯತ್ಯಾಸ ಏನೂ ಕಾಣ್ಸಲ್ಲ, ಆದ್ರೆ ಆಕ್ಸಿಜನ್ ಬಿಟ್ಟುಕೊಟ್ಟ ಮೇಲೆ ಅವು ಒಂದಕ್ಕೊಂದು ಅಂಟಿಕೊಂಡು ಉದ್ದುದ್ದ ಎಳೆಗಳಾಗಿ ರಕ್ತಕಣವನ್ನೇ ಕುಡುಗೋಲಿನ ಆಕಾರಕ್ಕೆ ಎಳೀತವೆ. ಯಾವ ಪ್ರೋಟೀನ್ ಯಾರ ಜೊತೆ ಸೇರತ್ತೆ, ಯಾವಾಗ ಆಕಾರ ಬದಲಾಯಿಸತ್ತೆ, ಜೀವಕೋಶದ ಒಳಗೆ ಏನು ಮಾಡ್ತಿದೆ, ಇದಕ್ಕೆಲ್ಲ ಬಯಾಲಜಿ ಗೊತ್ತಿರೋರೇ ಬೇಕು. ಕಂಪ್ಯೂಟರ್ ಜೊತೆಗೆ ಕಲಿ, ಬದಲಿಗೆ ಬೇಡ. ಇವತ್ತೇ ಫೋನಲ್ಲಿ ಆಲ್ಫಾಫೋಲ್ಡ್ ಡೇಟಾಬೇಸ್ ತೆಗೆದು ಯಾವುದಾದ್ರೂ ಪ್ರೋಟೀನ್ ಹೆಸರು ಹಾಕಿ ನೋಡು, ಗಾಢ ನೀಲಿ ಇರೋ ಕಡೆ ಅದಕ್ಕೇ ತನ್ನ ಊಹೆ ಮೇಲೆ ಪೂರ್ತಿ ಭರವಸೆ ಇದೆ ಅಂತ, ಕಿತ್ತಳೆ ಬಣ್ಣ ಅಂದ್ರೆ ಭರವಸೆ ತುಂಬಾ ಕಮ್ಮಿ. ಆ ಕಿತ್ತಳೆ ಭಾಗಗಳನ್ನ ಅಣ್ಣನಿಗೆ ತೋರಿಸು.

ಪ್ರಶ್ನೆ: ಸ್ತನ ಕ್ಯಾನ್ಸರ್ ಪತ್ತೆಗೆ ಎಐ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಡಾಕ್ಟರ್‌ಗಿಂತ ಚೆನ್ನಾಗಿದೆ ಅಂತಾರೆ, ನನಗೆ 43. ಎಲ್ಲಾದ್ರೂ ಹುಡುಕಿಕೊಂಡು ಹೋಗಿ ಮಾಡಿಸ್ಲಾ? (ಕುಂದಾಪುರ)

ನೀವು ಓದಿರೋದು ಬಹುಶಃ ಸ್ವೀಡನ್ನಿನ ಮಸಾಯ್ ಅಧ್ಯಯನ. ಒಂದು ಲಕ್ಷಕ್ಕೂ ಮೇಲ್ಪಟ್ಟು ಹೆಂಗಸರನ್ನ ಚೀಟಿ ಎತ್ತೋ ರೀತಿ ಎರಡು ಗುಂಪು ಮಾಡಿ ನಡೆಸಿದ್ದು, ನನಗೆ ಇಂಥ ಸಂಶೋಧನೆ ಮೇಲೆ ಗೌರವ ಜಾಸ್ತಿ. ಅಲ್ಲಿ ಮಾಮೂಲಿಯಾಗಿ ಪ್ರತಿ ಮ್ಯಾಮೊಗ್ರಾಂನ ಇಬ್ಬರು ಡಾಕ್ಟರ್‌ಗಳು ನೋಡ್ತಾರೆ. ಎಐ ಗುಂಪಿನಲ್ಲಿ ರಿಸ್ಕ್ ಕಮ್ಮಿ ಅಂತ ಬಂದಿದ್ದನ್ನ ಒಬ್ಬರು, ಜಾಸ್ತಿ ಅಂತ ಬಂದಿದ್ದನ್ನ ಇಬ್ಬರು ನೋಡಿದ್ರು. 2025ರಲ್ಲಿ ಬಂದ ಫಲಿತಾಂಶದ ಪ್ರಕಾರ ಶೇ. 29ರಷ್ಟು ಹೆಚ್ಚು ಕ್ಯಾನ್ಸರ್ ಸಿಕ್ತು, ಡಾಕ್ಟರ್‌ಗಳು ಫಿಲಂ ನೋಡೋ ಕೆಲಸ ಶೇ. 44 ಕಮ್ಮಿ ಆಯ್ತು. ಗಮನಿಸಿ, ಡಾಕ್ಟರ್ ನೋಡದೇ ಇದ್ದ ಫಿಲಂ ಒಂದೂ ಇಲ್ಲ.

ನಮ್ಮಲ್ಲಿ ಅಲ್ಲಿನ ಹಾಗೆ ಎಲ್ಲ ಹೆಂಗಸರನ್ನೂ ಕರೆದು ಮ್ಯಾಮೊಗ್ರಾಂ ಮಾಡೋ ವ್ಯವಸ್ಥೆನೇ ಇಲ್ಲ. ನಮ್ಮ ದೇಶದ್ದೇ ಒಂದು ದೊಡ್ಡ ಅಧ್ಯಯನ ಇದೆ, ಯಾಕೋ ಅದಕ್ಕೆ ಪೇಪರ್‌ನಲ್ಲಿ ಅಷ್ಟು ಜಾಗ ಸಿಗ್ಲಿಲ್ಲ ಅಂತ ನನಗೆ ಬೇಜಾರಿದೆ. ಮುಂಬೈನ ಟಾಟಾ ಮೆಮೋರಿಯಲ್‌ನವರು 1998ರಲ್ಲಿ ಶುರು ಮಾಡಿ ಒಂದೂವರೆ ಲಕ್ಷ ಹೆಂಗಸರನ್ನ 20 ವರ್ಷ ಗಮನಿಸಿದ್ರು. ಮಷೀನ್ ಏನಿಲ್ಲ, ತರಬೇತಿ ತಗೊಂಡ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷೆ ಮಾಡಿದ್ದು ಅಷ್ಟೇ. ಗಡ್ಡೆಗಳು ಇನ್ನೂ ಮುಂಚಿನ ಹಂತದಲ್ಲೇ ಸಿಕ್ಕಿದ್ವು, 50 ದಾಟಿದವರಲ್ಲಿ ಸಾವು ಹತ್ತಿರ ಹತ್ತಿರ ಶೇ. 30 ಕಮ್ಮಿ ಆಯ್ತು. 50ರ ಒಳಗಿನವರಲ್ಲಿ ಸಾವು ಕಮ್ಮಿ ಆಗಿದ್ದು ಕಾಣ್ಲಿಲ್ಲ, ಅದನ್ನೂ ಹೇಳ್ಬೇಕು.

ನೀವು ಎಐ ಹುಡುಕಿಕೊಂಡು ಹೋಗ್ಬೇಡಿ. ನಿಮ್ಮ ಅಮ್ಮ, ಅಕ್ಕ, ಚಿಕ್ಕಮ್ಮ ಯಾರಿಗಾದ್ರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ರೆ ಡಾಕ್ಟರ್‌ಗೆ ಮೊದಲು ಅದನ್ನ ಹೇಳಿ, ಯಾವ ಪರೀಕ್ಷೆ ಯಾವಾಗ ಅಂತ ಅವರು ಹೇಳ್ತಾರೆ. ಗಡ್ಡೆ ಕೈಗೆ ಸಿಕ್ಕಿದ್ರೆ, ಚರ್ಮ ಒಳಗೆ ಎಳ್ಕೊಂಡ ಹಾಗಿದ್ರೆ, ತೊಟ್ಟಿನಿಂದ ರಕ್ತ ಬಂದ್ರೆ ನೋವಿಲ್ಲ ಅಂತ ಸುಮ್ಮನಿರಬೇಡಿ, ಅದೇ ವಾರ ಹೋಗಿ.

ಪ್ರಶ್ನೆ: ಮಗಳಿಗೆ ಪದೇ ಪದೇ ಯೂರಿನ್ ಇನ್ಫೆಕ್ಷನ್. ಕಲ್ಚರ್ ರಿಪೋರ್ಟ್‌ನಲ್ಲಿ ಸುಮಾರು ಔಷಧಿಗಳ ಮುಂದೆ ‘ಆರ್’ ಅಂತಿದೆ. ಎಐ ಹೊಸ ಆ್ಯಂಟಿಬಯೋಟಿಕ್ ಕಂಡುಹಿಡಿದಿದೆಯಂತಲ್ಲ, ಅದು ಇಲ್ಲಿ ಸಿಗತ್ತಾ? (ಬೈಲಹೊಂಗಲ)

ಇಲ್ಲಮ್ಮ, ಸಿಗಲ್ಲ. 2020ರಲ್ಲಿ ಅಮೆರಿಕದ ಎಂಐಟಿಯವರು ಹ್ಯಾಲಿಸಿನ್ ಅನ್ನೋದನ್ನ ಎಐ ಸಹಾಯದಿಂದ ಹುಡುಕಿದ್ದು ನಿಜ. ಅದು ಮುಂಚೆ ಶುಗರ್ ಕಾಯಿಲೆಗೆ ಅಂತ ಪರೀಕ್ಷೆ ಮಾಡಿ ಬಿಟ್ಟಿದ್ದ ರಾಸಾಯನಿಕ, ಇಲಿಗಳಲ್ಲಿ ತುಂಬಾ ಹಠಮಾರಿ ಬ್ಯಾಕ್ಟೀರಿಯಾನೂ ಕೊಂದಿತು. ಹುಡುಕೋ ಕೆಲಸವನ್ನ ಕಂಪ್ಯೂಟರ್ ಬೇಗ ಮಾಡಿಕೊಡ್ತು, ಆದ್ರೆ ಮನುಷ್ಯರಿಗೆ ಎಷ್ಟು ಡೋಸ್ ಕೊಡ್ಬೇಕು, ಕಿಡ್ನಿಗೆ ಲಿವರ್‌ಗೆ ಏನಾಗತ್ತೆ ಅಂತ ನೋಡೋಕೆ ಈಗಲೂ ವರ್ಷಗಟ್ಟಲೆ ಟ್ರಯಲ್ ಬೇಕೇ ಬೇಕು, ಅದಕ್ಕೆ ದುಡ್ಡು ಹಾಕೋರು ಕಮ್ಮಿ.

‘ಆರ್’ ಅಂದ್ರೆ ಆ ಔಷಧಿಗೆ ಈ ಬ್ಯಾಕ್ಟೀರಿಯಾ ಜಗ್ಗಲ್ಲ ಅಂತ. ಅದೇ ಪಟ್ಟಿಯಲ್ಲಿ ‘ಎಸ್’ ಅಂತಿರೋದನ್ನೂ ನೋಡಿ, ಅವು ಕೆಲಸ ಮಾಡೋ ಔಷಧಿಗಳು, ಅದರಲ್ಲಿ ಮಗಳ ವಯಸ್ಸು ತೂಕಕ್ಕೆ ಯಾವುದು ಸರಿ ಅಂತ ಮಕ್ಕಳ ಡಾಕ್ಟರ್ ಹೇಳ್ತಾರೆ. ಹೋಗುವಾಗ ಹಳೇ ರಿಪೋರ್ಟ್‌ಗಳನ್ನೂ, ಇಲ್ಲೀವರೆಗೆ ಕೊಟ್ಟ ಮಾತ್ರೆಗಳ ಚೀಟಿಗಳನ್ನೂ ತಗೊಂಡು ಹೋಗಿ, ಪದೇ ಪದೇ ಯಾಕೆ ಆಗ್ತಿದೆ ಅಂತ ಸ್ಕ್ಯಾನಿಂಗ್ ಬೇಕಾ ಅಂತಲೂ ಕೇಳಿ. ಮೆಡಿಕಲ್ ಶಾಪ್‌ನಲ್ಲಿ ಹೋದ ಸಲದ್ದೇ ಮಾತ್ರೆ ಕೇಳಿ ತಂದು ಕೊಡೋದು ಮಾತ್ರ ಇವತ್ತಿಂದ ನಿಲ್ಲಿಸಿ.