ದಲ್ಲಾಳಿಯನ್ನು ಮಧ್ಯವರ್ತಿ ಎಂದರೆ ಸಾಕೇ?

ಓದುಗರ ಪತ್ರ: ಕಳೆದ ಸಂಚಿಕೆಯ ಲೇಖನವೊಂದರಲ್ಲಿ ‘ದಲ್ಲಾಳಿ’ ಎಂಬ ಪದ ಆರೇಳು ಬಾರಿ ಬಂದಿದೆ. ನನ್ನ ತಂದೆಯವರು ಕೊಬ್ಬರಿ ಮಂಡಿಯಲ್ಲಿ ನಲವತ್ತು ವರ್ಷ ಅದೇ ಕೆಲಸ ಮಾಡಿದವರು. ಬೈಗುಳದಂತೆ ಕೇಳಿಸುವ ಈ ಹೆಸರನ್ನು ಕೈಬಿಟ್ಟು, ಇಂಥವರಿಗೆಲ್ಲ ‘ಮಧ್ಯವರ್ತಿ’ ಎಂಬ ಗೌರವದ ಪದವನ್ನೇ ತಾವು ಬಳಸಬಾರದೇಕೆ? — ಓದುಗರೊಬ್ಬರು, ತಿಪಟೂರು

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಬೇಸರ ನ್ಯಾಯವಾದದ್ದು. ತಂದೆಯ ದುಡಿಮೆಯ ಹೆಸರು ಊರವರ ಬಾಯಲ್ಲಿ ಬೈಗುಳವಾಗುವುದನ್ನು ಯಾವ ಮಗನೂ ಸಹಿಸಲಾರ. ಆದರೆ ನೀವು ಸೂಚಿಸಿರುವ ಮದ್ದು ನನಗೆ ಒಪ್ಪಿಗೆಯಿಲ್ಲ. ‘ಮಧ್ಯವರ್ತಿ’ ಗೌರವದ ಪದವೆಂದು ನಿಮಗೆ ಹೇಳಿದವರು ಯಾರು? ಸರ್ಕಾರಿ ಕಚೇರಿಯ ಗೋಡೆಯ ಮೇಲೆ ‘ಮಧ್ಯವರ್ತಿಗಳಿಗೆ ಪ್ರವೇಶವಿಲ್ಲ’ ಎಂಬ ಫಲಕವಿರುತ್ತದೆ. ಪತ್ರಿಕೆ ಬಿಡಿಸಿದರೆ ‘ಮಧ್ಯವರ್ತಿಗಳ ಹಾವಳಿ’ ಎಂಬ ತಲೆಬರಹವಿರುತ್ತದೆ. ಹಾವಳಿ ಎಂಬುದನ್ನು ನಾವು ಕಾಡಾನೆಗೆ, ಚಿರತೆಗೆ, ಬೀದಿನಾಯಿಗೆ ಬಿಟ್ಟರೆ ಈ ಬಡಪಾಯಿಗೇ ಮೀಸಲಿಟ್ಟಂತಿದೆ. ಕೆಲಸದ ಮೇಲಿನ ಅನುಮಾನ ಹಾಗೆಯೇ ಉಳಿದಿರುವಾಗ ಹೆಸರೊಂದನ್ನೇ ಬದಲಿಸಿದರೆ, ಹೊಸ ಹೆಸರಿಗೂ ಹಳೆಯ ಕೊಳೆಯೇ ಹತ್ತುತ್ತದೆ.

ನಿಮ್ಮ ತಂದೆಯವರ ಕಸುಬಿನ ಹೆಸರು ಹುಟ್ಟಿನಿಂದ ಕೀಳಲ್ಲ. ಅರಬ್ಬಿಯ ‘ದಲ್ಲಾಲ್’ ಹುಟ್ಟಿದ ಧಾತುವಿಗೆ ದಾರಿ ತೋರಿಸು ಎಂಬ ಅರ್ಥವಿದೆ. ಪುರಾವೆ ಎಂಬ ಅರ್ಥದ ‘ದಲೀಲ್’ ಅದರ ಒಡಹುಟ್ಟು. ಮುಂಬಯಿಯ ಷೇರು ದಲ್ಲಾಳಿಗಳು 1875ರಲ್ಲಿ ಸಂಘ ಕಟ್ಟಿಕೊಂಡರು, ಅವರ ಬೀದಿ ಇಂದಿಗೂ ದಲಾಲ್ ಸ್ಟ್ರೀಟ್ ಎಂಬ ಹೆಸರನ್ನು ಸಂಕೋಚವಿಲ್ಲದೆ ಹೊತ್ತಿದೆ. ಗುಜರಾತಿಗಳಲ್ಲಿ, ಪಾರ್ಸಿಗಳಲ್ಲಿ ‘ದಲಾಲ್’ ಮನೆತನದ ಹೆಸರು. ದಲ್ಲಾಳಿಯ ಸಂಭಾವನೆಗೆ ನಮ್ಮದೇ ‘ತರಗು’ ಎಂಬ ಪದವಿದೆ. ತಮಿಳು, ಮಲಯಾಳಂಗಳಲ್ಲೂ ಅದರ ಒಡಹುಟ್ಟುಗಳಿವೆ. ಅದರಿಂದ ಬಂದ ‘ತರಕನ್’ ಎಂಬುದನ್ನು ಕೇರಳದ ಸಿರಿಯನ್ ಕ್ರೈಸ್ತ ಮನೆತನಗಳು ಬಿರುದಿನಂತೆ ಇಟ್ಟುಕೊಂಡಿವೆ. ನಮ್ಮ ಪೇಟೆಯ ಹುಡುಗರನ್ನು ಕೇಳಿದರೆ ತರಗು ಎಂದರೆ ಒಣಗಿದೆಲೆ ಎಂದಾರು, ಅಷ್ಟೆ.

ನಾನು ಮೊದಲು ಕಂಡ ದಲ್ಲಾಳಿ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿದ್ದರು. ತಾತ ಒಂದು ಜೊತೆ ಹಳ್ಳಿಕಾರ್ ಹೋರಿಗಳ ಮುಂದೆ ನಿಂತಿದ್ದರು. ದಲ್ಲಾಳಿ ಹೆಗಲ ಮೇಲಿನ ಟವೆಲನ್ನು ಕೈಮೇಲೆ ಹಾಸಿಕೊಂಡು, ಅದರಡಿಯಲ್ಲಿ ತಾತನ ಬೆರಳುಗಳನ್ನು ಹಿಡಿದು, ಮಾತಿಲ್ಲದೆ ಬೆರಳಲ್ಲೇ ಬೆಲೆ ಕೇಳಿದರು. ಆಮೇಲೆ ಅದೇ ಟವೆಲಿನಡಿ ಹೋರಿಯವರ ಬೆರಳುಗಳನ್ನು ಹಿಡಿದರು. ಸುತ್ತ ಇಪ್ಪತ್ತು ಜನ ಕತ್ತು ಚಾಚಿ ನಿಂತಿದ್ದರೂ ಬೆಲೆ ಗೊತ್ತಾದದ್ದು ಮೂವರಿಗೆ ಮಾತ್ರ. ಕಡಿಮೆ ಕೇಳಿದೆನೆಂಬ ನಾಚಿಕೆ ಕೊಳ್ಳುವವನಿಗಿಲ್ಲ, ಅಷ್ಟಕ್ಕೇ ಇಳಿದೆನೆಂಬ ಅವಮಾನ ಮಾರುವವನಿಗಿಲ್ಲ. ವ್ಯಾಪಾರ ಮುರಿದರೂ ಮುಖ ಮುರಿಯುವುದಿಲ್ಲ. ಅಂದು ವ್ಯಾಪಾರ ಮುರಿದೇ ಹೋಯಿತು, ಮುರಿದವರೂ ದಲ್ಲಾಳಿಯೇ. ಎಡಗಡೆಯ ಹೋರಿಯ ಬೆನ್ನಿನ ಸುಳಿಯೊಂದನ್ನು ಕಣ್ಣಲ್ಲೇ ತೋರಿಸಿ, ‘ಯಜಮಾನರೇ, ಇದು ನಿಮ್ಮ ಕೊಟ್ಟಿಗೆಗೆ ಬೇಡ’ ಎಂದು ತಮ್ಮ ತರಗನ್ನು ತಾವೇ ಕಳೆದುಕೊಂಡರು. ಸುಳಿಯ ಶಕುನದಲ್ಲಿ ನನಗೆ ನಂಬಿಕೆಯಿಲ್ಲ, ಆ ಮನುಷ್ಯನಲ್ಲಿ ಇದೆ. ಆ ಟವೆಲನ್ನು ನೆನೆದಾಗ ‘ಮಧ್ಯವರ್ತಿ’ ಎಂಬ ಪದ ನನಗೆ ಬೆರಳಿಲ್ಲದ ಕೈಯಂತೆ ಕಾಣುತ್ತದೆ.

ಮಂಡಿಯಲ್ಲೆಲ್ಲ ಇಂಥವರೇ ಇದ್ದಾರೆಂದು ನಾನು ಹೇಳುತ್ತಿಲ್ಲ. ರಾಜ್ಯದ 1966ರ ಎಪಿಎಂಸಿ ಕಾಯ್ದೆಯ ಪ್ರಕಾರ ಕಮಿಷನ್ನು ಕೊಳ್ಳುವವನಿಂದ ಬರಬೇಕು, ರೈತನಿಂದಲ್ಲ. ಹಾಗಿದ್ದರೂ ಬಿಳಿ ಚೀಟಿಯಲ್ಲಿ ಲೆಕ್ಕ ಬರೆದು ರೈತನ ಹಣದಲ್ಲೇ ಮುರಿದುಕೊಂಡವರಿದ್ದಾರೆ. ಈ ಪದಕ್ಕೆ ಕೊಳೆ ಹತ್ತಿಸಿದವರು ಅವರು.

ಪದಗಳ ಭಾಗ್ಯವೂ ವಿಚಿತ್ರವಾದದ್ದು. ಪಾರಸಿಯ ‘ಹರ್ಕಾರಾ’ ಎಂದರೆ ಓಲೆ ಹೊತ್ತು ಓಡುವ ಆಳು. ಕನ್ನಡದಲ್ಲಿ ಅವನು ‘ಬದಲಾವಣೆಯ ಹರಿಕಾರ’ನಾಗಿ ವೇದಿಕೆಯೇರಿ ಹಾರ ಹಾಕಿಸಿಕೊಳ್ಳುತ್ತಿದ್ದಾನೆ. 1792ರ ಶ್ರೀರಂಗಪಟ್ಟಣದ ಒಪ್ಪಂದಕ್ಕೆ ಮುನ್ನ ಕಾರ್ನ್‌ವಾಲಿಸನೊಡನೆ ಮಾತುಕತೆ ನಡೆಸಿದ ಟಿಪ್ಪುವಿನ ದೂತರನ್ನು ‘ವಕೀಲ’ರೆಂದೇ ಕರೆಯುತ್ತಿದ್ದರು, ಆ ಪದ ಈಗ ಕಪ್ಪು ಕೋಟು ತೊಟ್ಟಿದೆ. ರಾಯಭಾರಿ ಸಾಬೂನು ಮಾರುತ್ತಿದ್ದಾನೆ. ಎರಡು ಭಾಷೆಗಳ ನಡುವೆ ಮಾತು ದಾಟಿಸುತ್ತಿದ್ದ ‘ದುಭಾಷಿ’ಯನ್ನಂತೂ ನಾವು ಮರೆತೇಬಿಟ್ಟೆವು. ಪುದುಚೇರಿಯಲ್ಲಿ ಫ್ರೆಂಚ್ ಗವರ್ನರ್ ಡೂಪ್ಲೆಯ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೆ 1736ರಿಂದ 1761ರವರೆಗೆ ತಮಿಳಿನಲ್ಲಿ ಬರೆದಿಟ್ಟ ದಿನಚರಿ ಇಲ್ಲದಿದ್ದರೆ, ಅಲ್ಲಿಯ ಫ್ರೆಂಚರ ಆಡಳಿತವನ್ನು ನಾವು ದೊರೆಗಳ ಕಣ್ಣಿನಿಂದ ಮಾತ್ರ ನೋಡಬೇಕಿತ್ತು.

ಜನ್ನನ ‘ಯಶೋಧರ ಚರಿತೆ’ಯ ಸಖಿಯನ್ನು ನೆನಪಿಸಿಕೊಳ್ಳಿ. ಇರುಳಲ್ಲಿ ಕೇಳಿದ ಹಾಡಿಗೆ ಸೋತ ರಾಣಿ ಅಮೃತಮತಿ, ಹಾಡಿದವನನ್ನು ಕಂಡು ಬರಲು ಅವಳನ್ನು ಕಳುಹಿಸುತ್ತಾಳೆ. ಸಖಿ ಹೋಗಿ ಕಂಡು ಬಂದು, ಆ ಮಾವುತ ಎಷ್ಟು ಕುರೂಪಿಯೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ರಾಣಿ ಕಿವಿಗೊಡುವುದಿಲ್ಲ. ನಡುವೆ ಓಡಾಡಿದವಳು ಕಂಡದ್ದನ್ನು ಕಂಡಂತೆಯೇ ಹೇಳಿದ್ದಳು, ತಪ್ಪಿದ್ದು ಕಳುಹಿಸಿದವಳಲ್ಲಿ. ಅವಳನ್ನು ದೂತಿ ಎನ್ನಬಹುದು, ಕುಂಟಣಿ ಎನ್ನಲಾಗದು. ಎರಡೂ ಪದಗಳನ್ನು ಉಳಿಸಿಕೊಂಡ ಭಾಷೆಗೆ ಮಾತ್ರ ಈ ವ್ಯತ್ಯಾಸ ಹೇಳಲು ಬರುತ್ತದೆ.

ಎಲ್ಲರಿಗೂ ಒಂದೇ ಅಂಗಿ ಹೊಲಿಸಿದರೆ ಏನಾಗುತ್ತದೆಂಬುದನ್ನು ನಮ್ಮ ಕಾನೂನಿನ ಕನ್ನಡದಲ್ಲಿ ನೋಡಬಹುದು. 1996ರ ಕಾಯ್ದೆಯ ಆರ್ಬಿಟ್ರೇಷನ್ನಿಗೂ 2023ರ ಕಾಯ್ದೆಯ ಮೀಡಿಯೇಷನ್ನಿಗೂ ಪತ್ರಿಕೆಗಳು ‘ಮಧ್ಯಸ್ಥಿಕೆ’ ಎಂದೇ ಬರೆಯುತ್ತವೆ. ಮೊದಲನೆಯದರಲ್ಲಿ ನಡುವೆ ಕುಳಿತವನು ತೀರ್ಪು ಕೊಡುತ್ತಾನೆ, ಅದಕ್ಕೆ ಇಬ್ಬರೂ ತಲೆಬಾಗಬೇಕು. ಎರಡನೆಯದರಲ್ಲಿ ತೀರ್ಪು ಕೊಡುವ ಅಧಿಕಾರವೇ ಅವನಿಗಿಲ್ಲ, ಒಪ್ಪಿದರೆ ಆ ಇಬ್ಬರೇ ಒಪ್ಪಬೇಕು. ಪಂಚರು ಯಾರು, ಸಂಧಾನಕ್ಕೆ ಬಂದವರು ಯಾರು ಎಂಬುದು ನಮ್ಮ ಹಳ್ಳಿಯ ಅರಳಿಕಟ್ಟೆಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಅನುವಾದಕರಿಗೆ ಗೊತ್ತಿಲ್ಲ.

ಇನ್ನೊಂದು ಮಾತು, ಸ್ವಲ್ಪ ಸಿಟ್ಟಿನದು. ಆಟೋದವನಿಗೂ ಪ್ರಯಾಣಿಕನಿಗೂ, ಹೋಟೆಲಿನವನಿಗೂ ಹಸಿದವನಿಗೂ ನಡುವೆ ಮೊಬೈಲಿನೊಳಗೆ ಕುಳಿತು ಎರಡೂ ಕಡೆಯಿಂದ ಮುರಿದುಕೊಳ್ಳುವ ಕಂಪನಿಗಳಿಗೆ ನಾವು ‘ವೇದಿಕೆ’ ಎನ್ನುತ್ತೇವೆ. ವೇದಿಕೆಯ ಹಾವಳಿ ಎಂದು ಯಾರಾದರೂ ಬರೆದದ್ದನ್ನು ನೀವು ಕಂಡಿದ್ದೀರಾ? ಟವೆಲು ಹೊದ್ದವನು ದಲ್ಲಾಳಿ, ಸೂಟು ತೊಟ್ಟವನು ಸೇವಾದಾತ! ನಿಮ್ಮ ಸಿಟ್ಟು ಈ ಕಡೆಗೆ ತಿರುಗಿದ್ದರೆ ನಾನು ನಿಮ್ಮ ಪತ್ರದ ಕೆಳಗೆ ಸಹಿ ಹಾಕುತ್ತಿದ್ದೆ.

ಆದ್ದರಿಂದ ನಮ್ಮ ಪತ್ರಿಕೆಯಲ್ಲಿ ‘ದಲ್ಲಾಳಿ’ ಉಳಿಯುತ್ತದೆ. ಅದರ ಪಕ್ಕದಲ್ಲಿ ‘ಹಾವಳಿ’ ಕಂಡರೆ ಹೊಡೆದುಹಾಕುವಂತೆ ಕರಡು ತಿದ್ದುವವರಿಗೆ ಹೇಳಿದ್ದೇನೆ. ನಿಮ್ಮಿಂದಲೂ ಒಂದು ಉಪಕಾರವಾಗಬೇಕು. ಕೊಬ್ಬರಿ ಮಂಡಿಯಲ್ಲಿ ಬೆಲೆ ಕೂಗುವಾಗ, ತೂಗುವಾಗ, ಲೆಕ್ಕ ಚುಕ್ತಾ ಮಾಡುವಾಗ ನಿಮ್ಮ ತಂದೆಯವರು ಬಳಸುತ್ತಿದ್ದ ಮಾತುಗಳನ್ನು ನೆನಪಿರುವಷ್ಟು ಬರೆದು ಕಳುಹಿಸಿ. ಎಷ್ಟು ಪುಟವಾದರೂ ಅಚ್ಚು ಹಾಕುತ್ತೇವೆ.